ಪ್ರೊಸೆಸರ್‌ಗಳ ಜ್ವರ ನೋಡುವ ಖಡಕಿಯ ಉಮಾವತಿ

"ಇದು ಸುಮ್ಮನಾತೋ, ನಿಂತೇ ಹೋತೋ?"

ಕೇಳುವವರು ಉಮಾವತಿ. ಉತ್ತರ ಕೊಡಲು ಕೋಣೆಯಲ್ಲಿ ಯಾರೂ ಇಲ್ಲ. ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಪುಣೆಯ ಖಡಕಿಯ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿ ಇದು. ಹೊರಕೋಣೆಯ ಉದ್ದನೆಯ ಹಲಗೆಯ ಮೇಲೆ ಮೂರು ಮದರ್‌ಬೋರ್ಡ್‌ಗಳು ಮೈಮೇಲೆ ಡಬ್ಬಿಯಿಲ್ಲದೆ ಬಿದ್ದುಕೊಂಡಿವೆ. ಒಂದೊಂದರ ನೆತ್ತಿಯ ಮೇಲೂ ಒಂದೊಂದು ಫ್ಯಾನು ತಿರುಗುತ್ತಿದೆ. ನಡುವಿನದರ ದನಿ ಇದ್ದಕ್ಕಿದ್ದಂತೆ ತಗ್ಗಿದೆ. ಉಮಾವತಿ ಪೆನ್ನು ಕೆಳಗಿಟ್ಟು ಪರದೆಯ ಬಲಮೂಲೆಗೆ ಬಾಗುತ್ತಾರೆ. ಅಲ್ಲೊಂದು ಪುಟ್ಟ ಗಡಿಯಾರವಿದೆ. ಅವರು ನೋಡುವುದು ಅದರ ಸೆಕೆಂಡಿನ ಮುಳ್ಳನ್ನು ಮಾತ್ರ. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ಮೂರು. ಮುಳ್ಳು ಓಡುತ್ತಿದೆ. ಪೆನ್ನು ಮತ್ತೆ ಎತ್ತಿ, ದಿನದ ಲೆಕ್ಕದ ಪಟ್ಟೆಪುಸ್ತಕದಲ್ಲಿ ಬರೆಯುತ್ತಾರೆ: ಎರಡನೆಯದು, ಹನ್ನೆರಡು ನಿಮಿಷ, ಅರವತ್ತನಾಲ್ಕು ಡಿಗ್ರಿ.

ಐವತ್ತಾರು ವರ್ಷದ ಈ ಹೆಣ್ಣುಮಗಳ ಕಸುಬಿಗೆ ಊರಿನಲ್ಲಿ ಹೆಸರಿಲ್ಲ. ಆಫೀಸುಗಳು ಹಳೆಯ ಡೆಸ್ಕ್‌ಟಾಪ್‌ಗಳನ್ನು ತೆಗೆದುಹಾಕಿದಾಗ ಅವುಗಳ ಒಳಗಿನ ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಲೆಕ್ಕವನ್ನೆಲ್ಲ ಮಾಡುವ ಆ ಬೆಂಕಿಪೊಟ್ಟಣದಷ್ಟು ಅಗಲದ ಚಿಪ್ಪು, ಕೈಯಿಂದ ಕೈಗೆ ದಾಟಿ ಮತ್ತೆ ಮಾರಾಟಕ್ಕೆ ಬರುತ್ತದೆ. ಬರುವ ದಾರಿಯಲ್ಲಿ ಒಮ್ಮೆ ಉಮಾವತಿಯ ಹಲಗೆಯ ಮೇಲೆ ಇಳಿಯುತ್ತದೆ. ಇದು ಇನ್ನೂ ಗಟ್ಟಿಯೋ ಹಣ್ಣಾಗಿದೆಯೋ, ಇದಕ್ಕೂ ಅದಕ್ಕೂ ಯಾವುದು ಮೇಲು, ಯಾರ ಕೆಲಸಕ್ಕೆ ಯಾವುದು ಸಾಕು ಎಂದು ನೋಡಿ, ಅಂಗೈಯಷ್ಟು ಚೀಟಿಯಲ್ಲಿ ಬರೆದು, ಕೆಳಗೆ ಕನ್ನಡದಲ್ಲಿ ಸಹಿ ಹಾಕುತ್ತಾರೆ. ಚಿಪ್ಪು ಕೊಳ್ಳುವ ನೂರರಲ್ಲಿ ತೊಂಬತ್ತು ಮಂದಿಗೆ ಆ ಸಹಿ ಓದಲು ಬರುವುದಿಲ್ಲ. ಆದರೂ ಅದು ಇದೆಯೋ ಇಲ್ಲವೋ ಎಂದು ನೋಡಿಯೇ ಕೊಳ್ಳುತ್ತಾರೆ.

ದಿನಕ್ಕೆ ಆರು ಪ್ರೊಸೆಸರ್ ಅವರ ವಾಡಿಕೆ. ಒಂದೊಂದಕ್ಕೂ ನಲವತ್ತು ನಿಮಿಷ ದುಡಿಮೆ. ಆ ನಲವತ್ತು ನಿಮಿಷ ಚಿಪ್ಪಿನ ಮೇಲೆ ಹೊರಲಾರದಷ್ಟು ಲೆಕ್ಕ ಹೇರಿ, ಅದು ಬಿಸಿಯೇರುವುದನ್ನೂ ತಪ್ಪುವುದನ್ನೂ ಕಾಯುತ್ತಾರೆ. ನೂರಕ್ಕೆ ಎಂಟೋ ಒಂಬತ್ತೋ ಸೋಲುತ್ತವೆ. ಇವತ್ತು ಮಾತ್ರ ಹನ್ನೆರಡು ಬಂದು ಕುಳಿತಿವೆ, ಎಲ್ಲವೂ ಒಂದೇ ಜಾತಿಯವು. ಹೀಗಾಗಿ ನಾಲ್ಕು ಗಂಟೆಗೇ ಎದ್ದಿದ್ದಾರೆ.

ಎದ್ದವರು ಮೊದಲು ಮಾಡುವುದು ಸ್ನಾನ, ಆಮೇಲೆ ಇಷ್ಟಲಿಂಗದ ಪೂಜೆ. ಪೂಜೆಯಾದ ಮೇಲೆ ಮತ್ತೊಮ್ಮೆ ಸಾಬೂನು ಹಚ್ಚಿ ಕೈ ತೊಳೆಯುತ್ತಾರೆ. ಅದಕ್ಕೊಂದು ಕಾರಣವಿದೆ. ಈ ಕೆಲಸ ಹಿಡಿದ ಹೊಸತರಲ್ಲಿ ಎರಡು ದಿನ ಒಂದು ಯಂತ್ರ ಜಪ್ಪಯ್ಯ ಎಂದರೂ ಚಾಲೂ ಆಗಲಿಲ್ಲವಂತೆ. ಬೋರ್ಡು ಬದಲಿಸಿದರು, ತಂತಿ ಬದಲಿಸಿದರು. ಕೊನೆಗೆ ಭೂತಗನ್ನಡಿ ಹಿಡಿದು ನೋಡಿದರೆ ಚಿಪ್ಪಿನ ಹೊಟ್ಟೆಯ ಚಿನ್ನದ ಚುಕ್ಕೆಗಳ ಮೇಲೆ ವಿಭೂತಿಯ ಒಂದು ಕಣ.

"ದೇವರ ಮುಂದ ವಿಭೂತಿ, ಚಿಪ್ಪಿನ ಮುಂದ ಸಾಬೂನು," ಎನ್ನುತ್ತಾರೆ ಉಮಾವತಿ. "ಎರಡೂ ಮಡಿನ ಅಲ್ಲೇನ್ರಿ?"

ನವಲಗುಂದದ ಕಡೆಯ ಹಳ್ಳಿಯವರು. ತಂದೆ ಹೊಳಬಸಪ್ಪ ಹಗಲು ಹೊಲಿಗೆ ಮಷಿನ್ನು ತುಳಿದು, ಸಂಜೆ ಮಠದಲ್ಲಿ ಪುರಾಣ ಓದುತ್ತಿದ್ದವರು. ಹುಡುಗಿ ಕಂಬಕ್ಕೆ ಒರಗಿ ಕೂತು ಕೇಳುತ್ತಿದ್ದಳು. ಅರ್ಥ ಅಷ್ಟಿಷ್ಟು, ದನಿ ಪೂರ್ತಿ. ಅಪ್ಪನ ಉಸಿರು ಯಾವ ಸಾಲಿನಲ್ಲಿ ಸೋಲುತ್ತದೆಂಬುದು ಅದರ ಹಿಂದಿನ ಅರ್ಧ ಸಾಲಿನಲ್ಲೇ ಅವಳಿಗೆ ತಿಳಿಯುತ್ತಿತ್ತು. ನೀರಿನ ತಂಬಿಗೆ ಮೊದಲೇ ಮುಂದೆ ಸರಿಸುತ್ತಿದ್ದಳು. ಇವತ್ತು ಮೂರು ಫ್ಯಾನುಗಳ ನಡುವೆ ಕೂತು ಅವರು ಕೇಳುವುದು ಅದೇ ಕಿವಿಯಿಂದ. ಸಂಖ್ಯೆ ಪರದೆಯ ಮೇಲೆ ಬರುವ ಮೊದಲೇ ಫ್ಯಾನಿನ ಶ್ರುತಿ ಏರುತ್ತದೆ, ಇಳಿಯುತ್ತದೆ.

ಲಗ್ನವಾಗಿ ಪುಣೆಗೆ ಬಂದದ್ದು ತೊಂಬತ್ನಾಲ್ಕರಲ್ಲಿ. ಬಸವಲಿಂಗ ಅವರಿಗೆ ಇಲ್ಲಿನ ದಂಡಿನ ಉಗ್ರಾಣವೊಂದರಲ್ಲಿ ಗುಮಾಸ್ತಿಕೆ. ಉಮಾವತಿ ಟೈಪಿಂಗ್ ಕಲಿತರು, ಮುದ್ರಣಾಲಯವೊಂದರಲ್ಲಿ ಮರಾಠಿ ಅಕ್ಷರ ಜೋಡಿಸುವ ಕೆಲಸ ಹಿಡಿದರು. ಅಲ್ಲಿನ ಕಂಪ್ಯೂಟರ್ ಕೆಟ್ಟು ರಿಪೇರಿಯವನು ನಾಲ್ಕು ದಿನ ಬರದೇ ಹೋದಾಗ, ಐದನೆಯ ದಿನ ತಾವೇ ಡಬ್ಬಿ ಬಿಚ್ಚಿದರು. ಆಮೇಲೆ ಬಿಚ್ಚುವುದೇ ಕೆಲಸವಾಯಿತು. ಹನ್ನೊಂದು ವರ್ಷ ರಿಪೇರಿ ಅಂಗಡಿಯೊಂದರಲ್ಲಿ ದುಡಿದರು. ಗಿರಾಕಿಗಳು ಒಳಗೆ ಬಂದು ಅವರನ್ನು ನೋಡಿ, ಮರಾಠಿಯ ರೂಢಿಯಂತೆ ಚಿಕ್ಕಮ್ಮನೆಂದು ಕರೆದು, "ಮಾವಶಿ, ಮೆಕ್ಯಾನಿಕ್ ಎಲ್ಲಿ?" ಎಂದು ಕೇಳುತ್ತಿದ್ದರು. "ಊಟಕ್ಕ ಹೋಗ್ಯಾನ, ಅಷ್ಟರಾಗ ನಾ ನೋಡ್ತೇನಿ," ಎಂದು ಇವರು ಕೈಯಿಕ್ಕುತ್ತಿದ್ದರು. ಆ ಮೆಕ್ಯಾನಿಕ್ಕನ ಊಟ ಹನ್ನೊಂದು ವರ್ಷ ಮುಗಿಯಲಿಲ್ಲ.

ಮನೆಯಲ್ಲೇ ಹಲಗೆ ಹಾಕಿದ ಮೇಲೆ ಒಂದು ನೇಮ ಮಾಡಿಕೊಂಡರು. ಎರಡು ಚಿಪ್ಪುಗಳನ್ನು ಹೋಲಿಸಬೇಕೆಂದರೆ ಎರಡಕ್ಕೂ ಒಂದೇ ಬೋರ್ಡು, ಒಂದೇ ಫ್ಯಾನು, ನೆತ್ತಿಗೆ ಬಿಸಿಯನ್ನು ಫ್ಯಾನಿನತ್ತ ದಾಟಿಸುವ ಬಿಳಿ ಲೇಪ ಬಟಾಣಿ ಕಾಳಿನಷ್ಟೇ, ಮತ್ತು ಒಂದೇ ಹೊತ್ತು. ಬೆಳಗಿನ ಜಾವ ಕೋಣೆ ವರ್ಷವಿಡೀ ತಂಪು; ವಿದ್ಯುತ್ತೂ ಏರಿಳಿಯದು. ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ಮಧ್ಯಾಹ್ನ ನೋಡಿದರೆ ಅದು ಅನ್ಯಾಯ ಎಂಬುದು ಅವರ ನಂಬಿಕೆಯಾಗಿತ್ತು. ನಸುಕಿನ ಈ ನೇಮವನ್ನು ಹನ್ನೆರಡು ವರ್ಷ ಪೂಜೆಯಂತೆ ನಡೆಸಿದರು. ಅದೇ ನೇಮ ಹೋದ ವರ್ಷ ಅವರ ಎದೆಗೆ ಬಂದು ಕೂತಿತು.

ಏಳಕ್ಕೆ ಬಸವಲಿಂಗ ಎದ್ದು ಬರುತ್ತಾರೆ. ನಿವೃತ್ತರಾಗಿ ನಾಲ್ಕು ವರ್ಷ. ಚಹಾ ಮಾಡುವುದು ಅವರ ಪಾಳಿ. ಹೆಂಡತಿ ಬೆರಳ ಹಿಂಬದಿಯನ್ನು ಒಂದೊಂದೇ ಬೋರ್ಡಿನ ಅಂಚಿಗೆ ತಾಗಿಸಿ ನೋಡುತ್ತಿರುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಾರೆ.

"ಹ್ವಾದ ತಿಂಗಳ ನಂಗ ಮೂರು ದಿವಸ ಜ್ವರ ಬಂದಿತ್ತು. ಒಂದ ಸಲ ಹಿಂಗ ಕೈ ಹಚ್ಚಿ ನೋಡಿದ್ಯೇನು?"

"ನಿಮ್ಮ ಫ್ಯಾನು ಸುದ್ಧ ಅದ. ರಾತ್ರಿಯೆಲ್ಲಾ ಗೊರಕಿ ಕೇಳಿಸ್ತಿತ್ತು," ಎನ್ನುತ್ತಾರೆ ಉಮಾವತಿ, ತಲೆ ಎತ್ತದೆ.

ಎಂಟೂಕಾಲಿಗೆ ಹನ್ನೆರಡೂ ಮುಗಿಯುತ್ತವೆ. ಹನ್ನೆರಡೂ ಪಾಸು. ಹಿಂದಿನ ಉಮಾವತಿಯಾಗಿದ್ದರೆ ಈ ಹೊತ್ತಿಗೆ ಹನ್ನೆರಡು ಚೀಟಿ ಬರೆದು ಮುಗಿಯುತ್ತಿತ್ತು. ಈಗಿನವರು ಚೀಟಿಯ ಕಟ್ಟನ್ನು ಮುಟ್ಟುವುದಿಲ್ಲ. ಎಂಟನೆಯ ಚಿಪ್ಪನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡುತ್ತಾರೆ. ಅದರ ಅಂಕಿಯಲ್ಲಿ ಊನವಿಲ್ಲ. ಬಿಸಿ ಅರವತ್ತಾರು, ತಪ್ಪು ಸೊನ್ನೆ. ಆದರೆ ಇಪ್ಪತ್ತೇಳನೆಯ ನಿಮಿಷದಲ್ಲಿ ಅದರ ಫ್ಯಾನು ಒಂದು ಗಳಿಗೆ ಮಾತು ಮರೆತವರಂತೆ ತಡೆದಿತ್ತು.

"ಏನೂ ಇಲ್ಲದಿರಬಹುದು," ಎನ್ನುತ್ತಾರೆ. "ಏನೂ ಇಲ್ಲ ಅಂತ ಅನ್ನಿಸಿದಾಗನ ನಂಗ ಅಂಜಿಕಿ ಜಾಸ್ತಿ."

ಒಂಬತ್ತಕ್ಕೆ ಮುಕ್ತಾ ಬರುತ್ತಾಳೆ. ಬೆಳಗಾವಿ ಮನೆತನದ ಹುಡುಗಿ, ಪುಣೆಯದೇ ವಾಕಡದಲ್ಲಿ ಮದುವೆಯ ವಿಡಿಯೊಗಳನ್ನು ಕತ್ತರಿಸಿ ಜೋಡಿಸಿ ಕೊಡುವ ಕೆಲಸ. ಅವಳ ಡೆಸ್ಕ್‌ಟಾಪಿಗೆ ಐದು ವರ್ಷ. ಒಂದು ವಿಡಿಯೊ ಸಿದ್ಧವಾಗುವಷ್ಟರಲ್ಲಿ ಊಟ ಮಾಡಿ, ಮಲಗಿ, ಏಳಬಹುದಂತೆ. ಪ್ರೊಸೆಸರ್ ಬದಲಿಸಬೇಕು. ಗೆಳೆಯನೊಬ್ಬ "ಏಳು" ಎಂಬ ಹೆಸರಿನ ಹಳೆಯದೊಂದನ್ನು ಕೊಡುತ್ತಾನೆ, ಅಂಗಡಿಯವನು "ಐದು" ಎಂಬ ಹೊಸದನ್ನು ಹೇಳುತ್ತಾನೆ.

"ಏಳು ದೊಡ್ಡದಲ್ಲಾ ಮಾವಶಿ? ಹಂಗಾದ್ರ ಅದನ್ನ ತಗೋಳ್ಲಾ?"

"ಏಳು ಅನ್ನೂದು ಮನಿತನದ ಹೆಸರವಾ, ವಯಸ್ಸಲ್ಲ, ಶಕ್ತಿನೂ ಅಲ್ಲ. ಒಂಬತ್ತು ವರ್ಷದ ಹಳೇ ಏಳು ಇವತ್ತಿನ ಮೂರರ ಮುಂದ ಕುಂಟತದ. ಯಾವ ಪೀಳಿಗಿ ಅಂತ ಮೊದಲ ನೋಡು. ಅದಕ್ಕಿಂತ ಮೊದಲ ಹೇಳು, ನಿನ್ನ ಬೋರ್ಡ್ ಯಾವುದು?"

ಮುಕ್ತಾಗೆ ಗೊತ್ತಿಲ್ಲ.

"ಎಲ್ಲಾರೂ ಹಿಂಗ. ಕಾಲಿನ ಅಳತಿ ಮನ್ಯಾಗ ಬಿಟ್ಟು ಚಪ್ಪಲಿ ಅಂಗಡಿಗೆ ಬರ್ತಾರ," ಎನ್ನುತ್ತಾ ಉಮಾವತಿ ಅವಳ ಫೋನಿನಲ್ಲಿದ್ದ ಬೋರ್ಡಿನ ಚಿತ್ರವನ್ನು ಹಿಗ್ಗಿಸಿ ನೋಡುತ್ತಾರೆ. ಚಿಪ್ಪು ಕೂರುವ ಸಾಕೆಟ್ಟಿನ ಅಳತೆ ಬೇರೆಯಾದರೆ ಯಾವ ಹೊಸ ಪ್ರೊಸೆಸರ್ ತಂದರೂ ಕೂರುವುದಿಲ್ಲ. ಬೋರ್ಡು, ಮೆಮೊರಿ ಎಲ್ಲ ಹೊಸದಾಗಬೇಕು.

"ಕೋರ್ ಎಂಟು ಇದ್ರ ಚಲೋನ, ಆರು ಇದ್ರ ಚಲೋನ?"

"ಕೋರ್ ಅಂದ್ರ ರೊಟ್ಟಿ ಬಡಿಯೋ ಹೆಣ್ಣಮಕ್ಕಳು ಅಂತ ತಿಳಿ. ಗಿಗಾಹರ್ಟ್ಸ್ ಅಂದ್ರ ಅವರ ಕೈವೇಗ. ಕ್ಯಾಶ್ ಅಂದ್ರ ಮಗ್ಗಲದಾಗ ಇಟ್ಟಕೊಂಡ ಹಿಟ್ಟಿನ ಬುಟ್ಟಿ, ಅದು ದೊಡ್ಡದಿದ್ರ ಘಳಿಗಿಗೊಮ್ಮೆ ಎದ್ದು ಹೋಗೂದು ತಪ್ಪತದ. ನಿಂದು ಲಗ್ನದ ಮನಿ ಕೆಲಸ, ಮಂದಿ ಹೆಚ್ಚು ಬೇಕು. ಬರೇ ಪತ್ರ ಬರಿಯೋರಿಗೆ ಎಂಟು ಮಂದಿ ಯಾಕ? ಇಬ್ಬರು ಉಣ್ಣೋ ಮನ್ಯಾಗ ಎಂಟು ಮಂದಿ ಕುಂತ್ರ ಹರಟಿ ಆಗತದ, ರೊಟ್ಟಿ ಆಗೂದಿಲ್ಲ."

"ಮತ್ತ ವ್ಯಾಟ್ ಅಂತಾರಲ್ಲಾ?"

"ಒಲಿ ಎಷ್ಟು ಉರಿ ತಿಂತದ ಅಂತ. ಉರಿ ಹೆಚ್ಚಾದ್ರ ಹೊಗಿ ಹೋಗಾಕ ದಾರಿನೂ ಬೇಕು. ನಿನ್ನ ಫ್ಯಾನು ಸಣ್ಣದದ, ಅದನ್ನೂ ಬದಲ ಮಾಡು."

ಹತ್ತು ನಿಮಿಷದಲ್ಲಿ ತೀರ್ಮಾನ. ಗೆಳೆಯನ ಏಳೂ ಬೇಡ, ಅಂಗಡಿಯ ಐದೂ ಬೇಡ. ಅವಳ ಬೋರ್ಡಿಗೇ ಕೂರುವ, ಅದೇ ಪೀಳಿಗೆಯ ಎಂಟು ಕೋರಿನದೊಂದು ಸೆಕೆಂಡ್ ಹ್ಯಾಂಡ್ ಸಿಕ್ಕರೆ ಸಾಕು. ಮುಕ್ತಾ ಫೋನಿನಲ್ಲಿ ಬರೆದುಕೊಳ್ಳುತ್ತಾಳೆ. ಬರೆದು, ತಲೆಯೆತ್ತಿ ಸಹಜವಾಗಿ ಕೇಳುತ್ತಾಳೆ: "ಸೆಕೆಂಡ್ ಹ್ಯಾಂಡ್ ಅಂದ್ರ ಭೀತಿ ಇಲ್ಲಲ್ಲಾ ಮಾವಶಿ?"

ಉಮಾವತಿ ಎಂಟನೆಯ ಚಿಪ್ಪಿನ ಕಡೆ ತಿರುಗಿ ನೋಡುತ್ತಾರೆ. ಒಳಗೆ ಬಸವಲಿಂಗ ಪಾತ್ರೆ ಇಡುವ ಸದ್ದು ನಿಲ್ಲುತ್ತದೆ.

"ಅದವಾ," ಎನ್ನುತ್ತಾರೆ ಉಮಾವತಿ. "ನಂಗ ದಿನಾ ಅದ. ಮಧ್ಯಾಹ್ನ ಮೂರರ ಬಿಸಿಲಾಗ ಪಾಸಾದದ್ದು ಸಿಕ್ರ ಅಷ್ಟ ತಗೋ."

ಆ ಭೀತಿಯ ಕತೆ ಹೋದ ವರ್ಷದ ಏಪ್ರಿಲ್ಲಿನದು. ಪುಣೆಯ ಹೊರಗಿನ ಚಾಕಣದಲ್ಲಿ ಗಾಡಿಗಳ ಬಿಡಿಭಾಗಗಳಿಗೆ ಬಣ್ಣ ಹೊಡೆದು ಬೇಯಿಸುವ ಒಂದು ಸಣ್ಣ ಕಾರ್ಖಾನೆ. ಕೋಣೆಯಷ್ಟು ದೊಡ್ಡ ಭಟ್ಟಿ, ಅದರ ಮುಂದೆ ಮೇಜಿನ ಮೇಲೆ ಒಂದು ಡೆಸ್ಕ್‌ಟಾಪ್. ಭಟ್ಟಿಯೊಳಗಿನ ಬಿಸಿ ಎಷ್ಟೆಂದು ಅದರ ಪರದೆ ತೋರಿಸುತ್ತದೆ. ಆ ಡೆಸ್ಕ್‌ಟಾಪಿನ ಪ್ರೊಸೆಸರ್ ಜನವರಿಯಲ್ಲಿ ಸತ್ತು, ಉಮಾವತಿಯ ಚೀಟಿಯಿದ್ದ ಇನ್ನೊಂದನ್ನು ಕೂರಿಸಿದ್ದರು. ಜನವರಿಯ ಚಳಿಯ ನಸುಕಿನಲ್ಲಿ ಅದು ನಲವತ್ತು ನಿಮಿಷ ಕಲ್ಲಿನಂತೆ ದುಡಿದು ಪಾಸಾಗಿತ್ತು.

ಏಪ್ರಿಲ್ಲಿನ ಒಂದು ಮಧ್ಯಾಹ್ನ. ತಗಡಿನ ಮಾಡು, ಭಟ್ಟಿಯ ಝಳ. ಇಂಡಿ ಕಡೆಯ ಭೀಮು ಎಂಬ ಕೆಲಸಗಾರ ಭಟ್ಟಿ ಹೊತ್ತಿಸಿ ಪರದೆ ನೋಡುತ್ತಾ ನಿಂತಿದ್ದಾನೆ. ಪರದೆ ಐವತ್ನಾಲ್ಕು ತೋರಿಸುತ್ತಿದೆ. ಐದು ನಿಮಿಷವಾಯಿತು, ಐವತ್ನಾಲ್ಕು. ಹತ್ತಾಯಿತು, ಐವತ್ನಾಲ್ಕು. ಒಲೆ ಹತ್ತಿಲ್ಲವೆಂದುಕೊಂಡ ಭೀಮು ಬಾಗಿಲು ತೆರೆದ. ಒಳಗೆ ನೂರಾ ಎಪ್ಪತ್ತರ ಬಿಸಿ ಬಾಯಿ ತೆರೆದು ಕಾದಿತ್ತು. ಯಾರೋ ಹಿಂದಿನಿಂದ ಕೂಗಿದ್ದಕ್ಕೆ ಅದೇ ಕ್ಷಣ ಮುಖ ತಿರುಗಿಸಿದ್ದ, ಕಣ್ಣು ಉಳಿದವು. ಎಡ ಮುಂಗೈ ಬೆಂದಿತು. ಹುಬ್ಬು, ಮೀಸೆ ಸುಟ್ಟವು.

ಪರದೆ ಸತ್ತಿರಲಿಲ್ಲ. ಹನ್ನೊಂದು ನಿಮಿಷದ ಹಿಂದೆ ಪ್ರೊಸೆಸರ್ ನಿಂತುಹೋಗಿ, ಆ ಗಳಿಗೆಯ ಚಿತ್ರವನ್ನು ಹಾಗೇ ಹಿಡಿದು ನಿಂತಿತ್ತು.

ಉಮಾವತಿಯನ್ನು ಯಾರೂ ದೂರಲಿಲ್ಲ. ಮಾಲೀಕ ಧೂಳು ಎಂದ, ಜೋಡಿಸಿದವನು ಫ್ಯಾನು ಎಂದ. ಚಿಪ್ಪಿನ ಮೇಲೆ ಯಾರಿಗೂ ಸಂಶಯವೇ ಬರಲಿಲ್ಲ. ಅದಕ್ಕೆ ಚೀಟಿ ಇತ್ತಲ್ಲ. ಸುದ್ದಿ ಫೋನಿನಲ್ಲಿ ತೇಲಿ ಬಂದಾಗ ಅವರು ಬಸ್ಸು ಹಿಡಿದು ಚಾಕಣಕ್ಕೆ ಹೋಗಿ, ಆ ಚಿಪ್ಪನ್ನು ಕೇಳಿ ಪಡೆದು ತಂದರು. ಮನೆಯ ಮಾಳಿಗೆಯ ಮೇಲೆ, ಮಧ್ಯಾಹ್ನ ಮೂರಕ್ಕೆ, ಬಸವಲಿಂಗ ಒಂದು ತಗಡಿನ ಹಾಳೆ ಹಿಡಿದು ನಿಂತರೆ ಇವರು ಅದರಡಿ ಬೋರ್ಡು ಹೂಡಿದರು. ಎಪ್ಪತ್ತೆರಡು, ಎಪ್ಪತ್ತೊಂಬತ್ತು, ಎಂಬತ್ತಮೂರು. ಎರಡು ನಿಮಿಷಕ್ಕೊಮ್ಮೆ ಪುಸ್ತಕದಲ್ಲಿ ಬರೆಯುತ್ತಾ ಹೋದರು. ಎಂಬತ್ತಮೂರು. ಎಂಬತ್ತಮೂರು. ಎಂಬತ್ತಮೂರು.

"ಎಷ್ಟು ಗಟ್ಟಿ ನಿಂತದ ನೋಡ್ರಿ ಅಂತ ಇವರಿಗೆ ಹೇಳಿದೆ," ಎನ್ನುತ್ತಾರೆ. "ಖುಷಿ ಆಗಿತ್ರಿ ನಂಗ. ನನ್ನ ಚಿಪ್ಪು ತಪ್ಪು ಮಾಡಿಲ್ಲ ಅಂತ. ಆರು ನಿಮಿಷ ಬರದೇನಿ. ಆಮ್ಯಾಲ ಮೌಸ್ ಅಲಗಾಡಿಸಿದೆ. ಬಾಣ ಅಲಗಾಡಲಿಲ್ಲ. ಅದು ಆಗಲೇ ನಿಂತು ಹೋಗಿತ್ತು. ಭೀಮು ಎಲ್ಲಿ ಮೋಸ ಹೋದನೋ ನಾನೂ ಅಲ್ಲೇ ಹ್ವಾದೆ. ಅಂವ ಓದಿದವನಲ್ಲ. ನಾ ಇಪ್ಪತ್ತು ವರ್ಷದಿಂದ ಇದನ್ನ ಮಾಡೂ ಹೆಂಗಸು."

ಆ ಪುಟ ಹರಿದಿಲ್ಲ. ಸಾಲು ಎಂಬತ್ತಮೂರುಗಳ ಪಕ್ಕದಲ್ಲಿ ಏನೂ ಬರೆದೂ ಇಲ್ಲ.

ನೇಮದಲ್ಲೇ ದೋಷವಿತ್ತು. ಎಲ್ಲವನ್ನೂ ಒಂದೇ ತಂಪಿನಲ್ಲಿ ತೂಗುವುದು ನ್ಯಾಯವೆಂದುಕೊಂಡದ್ದು, ಹಣ್ಣಾದ ಚಿಪ್ಪಿಗೆ ಅಡಗಲು ಜಾಗವಾಗಿತ್ತು. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದ ಪ್ರೊಸೆಸರ್ ನಸುಕಿನಲ್ಲಿ ಸಂಭಾವಿತನಂತೆ ನಡೆದುಕೊಂಡು, ಉರಿಬಿಸಿಲಿನಲ್ಲಿ ಮಾತ್ರ ಸೋಲುತ್ತದೆ.

ಭೀಮುವಿನ ಮನೆಗೆ ಹೋಗಿ ಎಲ್ಲವನ್ನೂ ಹೇಳಿಕೊಂಡರು. ಅವನು ಪಟ್ಟಿ ಕಟ್ಟಿದ ಕೈಯಲ್ಲೇ ಕುರ್ಚಿ ಎಳೆದು ಹಾಕಿದ. "ಕೈ ಬರತದ ಬಿಡ್ರಿ ಅಕ್ಕಾರ, ಮೀಸಿ ಒಂದು ಬರವಲ್ಲದು. ಹೇಣ್ತಿ ನೋಡಿ ನಗತಾಳ," ಎಂದನಂತೆ.

"ಬೈದಿದ್ರ ಚಲೋ ಇತ್ತು," ಎನ್ನುತ್ತಾರೆ ಉಮಾವತಿ. "ಬೈಸಿಕೊಂಡು ಬಂದು ಮಲಗ್ತಿದ್ದೆ. ಅಂವ ಚಹಾ ಕುಡಿಸಿ ಕಳಿಸಿದ."

ಅಂದಿನಿಂದ ನೇಮ ಎರಡು ಪಟ್ಟಾಗಿದೆ. ನಸುಕಿನಲ್ಲಿ ಒಮ್ಮೆ ಮನೆಯೊಳಗೆ, ಮಧ್ಯಾಹ್ನ ಒಂದರಿಂದ ನಾಲ್ಕೂವರೆವರೆಗೆ ಮಾಳಿಗೆಯ ತಗಡಿನ ಗೂಡಿನಲ್ಲಿ ಇನ್ನೊಮ್ಮೆ. ಆ ಗೂಡನ್ನು ಬಸವಲಿಂಗ ತಮ್ಮ ಕೈಯಾರೆ ಕಟ್ಟಿಕೊಟ್ಟಿದ್ದಾರೆ. ಮೇ ತಿಂಗಳಲ್ಲಿ ಅಲ್ಲಿ ನಲವತ್ತೆರಡು ಡಿಗ್ರಿ. ಇದಲ್ಲದೆ ಹದಿನೇಳು ಹಳೆಯ ಪಟ್ಟೆಪುಸ್ತಕಗಳನ್ನು ಬಿಚ್ಚಿ, ಕಾರ್ಖಾನೆಗೋ ದವಾಖಾನೆಗೋ ಹೋದ ಚಿಪ್ಪುಗಳನ್ನೆಲ್ಲ ಬೇರೆ ಪಟ್ಟಿ ಮಾಡಿದ್ದಾರೆ. ಮುನ್ನೂರ ನಲವತ್ತು ಆದವು. ಇನ್ನೂರ ಹನ್ನೆರಡು ಕಡೆ ಫೋನು ಹಚ್ಚಿದ್ದಾರೆ. ಕೆಲವರು ನಕ್ಕರು, ಕೆಲವರು ರಾಂಗ್ ನಂಬರ್ ಎಂದರು. ಐವತ್ತೇಳು ವಾಪಸ್ಸು ಬಂದವು. ಐವತ್ತೇಳರಲ್ಲಿ ಮೂರು ಬಿಸಿಲಿನಲ್ಲಿ ನಿಂತುಹೋದವು. ಉಳಿದವು ಎಲ್ಲೆಲ್ಲೋ ಓಡುತ್ತಿವೆ. ಯಾವ ಭಟ್ಟಿಯ ಮುಂದೆ, ಯಾರ ಮುಖದ ಮುಂದೆ, ತಿಳಿಯದು.

"ಸತ್ತ ಮಷಿನ್ನಿಗೆ ನಾ ಅಂಜೂದಿಲ್ಲ. ಸತ್ತದ್ದು ಎಲ್ಲಾರಿಗೂ ಕಾಣಿಸ್ತದ," ಎನ್ನುತ್ತಾರೆ. "ಜೀವ ಇದ್ದಂಗ ಕಾಣೋದಕ್ಕ ಅಂಜತೇನಿ." ಅವರಿಗೊಂದು ಆಸೆಯಿದೆ, ಬಹಳ ಸಣ್ಣದು. "ಚಿಪ್ಪು ತಗೊಳ್ಳೋರು ಕೋರ್ ಎಷ್ಟು ಅಂತಾರ, ಸ್ಪೀಡ್ ಎಷ್ಟು ಅಂತಾರ. ಇದನ್ನ ಯಾವ ಹೊತ್ತಿನಾಗ ನೋಡೀರಿ ಅಂತ ಒಬ್ಬರಾದ್ರೂ ಕೇಳಬೇಕ್ರಿ."

ಹತ್ತೂವರೆಗೆ ಮೆಟ್ಟಿಲಿನಲ್ಲಿ ದಡದಡ ಸದ್ದು. ಬರುವವನು ಸುಹಾಸ. ಉಡುಪಿ ಕಡೆಯ ಕುಟುಂಬ, ತಂದೆಯ ಹೋಟೆಲು ವಾಕಡದಲ್ಲಿದೆ. ಇವನು ಮಾತ್ರ ಹಳೆಯ ಡೆಸ್ಕ್‌ಟಾಪ್ ಜೋಡಿಸಿ ಮಾರುವ ಉದ್ಯೋಗ ಹಿಡಿದಿದ್ದಾನೆ. ಇವತ್ತಿನ ಹನ್ನೆರಡೂ ಚಿಪ್ಪು ಅವನವು. ಉಮಾವತಿಯ ಅರ್ಧಕ್ಕಿಂತ ಹೆಚ್ಚು ಕೆಲಸ ಬರುವುದು ಅವನಿಂದಲೇ. ಕೈಯಲ್ಲಿ ಬನ್ಸಿನ ಪೊಟ್ಟಣ.

"ಅಕ್ಕ, ಗಾಡಿ ಕೆಳಗೆ ನಿಂತಿದೆ. ಹನ್ನೊಂದಕ್ಕೆ ಹೊರಡ್ಬೇಕು. ಚೀಟಿ ಆಯ್ತಲ್ಲ?"

"ಅರ್ಧ ಆಗ್ಯದ. ಮಾಳಿಗಿ ಮ್ಯಾಲಿಂದು ಬಾಕಿ. ನಾಕೂವರಿಗೆ ಬಾ."

"ನಾಲ್ಕೂವರೆಗಾ? ಎಂತ ಅಕ್ಕ ನೀವು! ಚಾಕಣದ ಹೊಸ ಭಟ್ಟಿ ಯೂನಿಟ್ಟು, ನಾಳೆ ಪೂಜೆ. ಡಬ್ಬಿ ಎಲ್ಲ ರೆಡಿ ಉಂಟು, ಪ್ರೊಸೆಸರ್ ಕೂರಿಸುವುದೊಂದೇ. ಬೆಳಿಗ್ಗೆ ನೋಡಿದ್ದೀರಲ್ಲ, ಎಷ್ಟು ಪಾಸು?"

"ಹನ್ನೆರಡೂ."

"ಮತ್ತೆ!"

ಉಮಾವತಿ ಹನ್ನೆರಡು ಚಿಪ್ಪುಗಳಿದ್ದ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. "ಭಟ್ಟಿ ಮುಂದ ಎಷ್ಟು ಇಡ್ತಾರ?"

"ನಾಲ್ಕು. ಉಳಿದದ್ದೆಲ್ಲ ಆಫೀಸಿಗೆ, ಗೇಟಿಗೆ. ಹಾಗಾದ್ರೆ ಒಂದು ಕೆಲಸ ಮಾಡಿ. ಉಳಿದ ಎಂಟು ಚಿಪ್ಪಿಗೆ ಚೀಟಿ ಕೊಡಿ, ಆಫೀಸಿಗೆ ಮಾತ್ರ ಅಂತ ಬರೀರಿ."

"ನಾಳೆ ಭಟ್ಟಿ ಮುಂದಿಂದು ಕೆಟ್ರ ಆಫೀಸಿಂದು ಎತ್ತಿ ಇಡ್ತಾರ. ಚಿಪ್ಪಿನ ಹಣಿ ಮ್ಯಾಲ ನಾ ಗೇಟಿಂದು ಅಂತ ಬರದಿರ್ತದೇನು?"

ಸುಹಾಸ ಬಾಗಿಲಿಗೆ ಒರಗಿದ್ದ ಬಸವಲಿಂಗರ ಕಡೆ ತಿರುಗುತ್ತಾನೆ. "ಅಣ್ಣ, ನೀವಾದ್ರೂ ಸ್ವಲ್ಪ ಹೇಳಿ ಮಾರಾಯ್ರೆ."

"ಈಕಿಗೆ ಹೇಳೂದು ನಾ ತೊಂಬತ್ತೈದರಾಗ ಬಿಟ್ಟೇನಪಾ. ನೀ ಬನ್ಸ್ ಕೊಡು ಇತ್ಲಾಗ, ಆರತಾವು."

ಸುಹಾಸನಿಗೆ ನಗು ಬರುವುದಿಲ್ಲ. ಕುರ್ಚಿ ಎಳೆದು ಉಮಾವತಿಯ ಎದುರು ಕೂರುತ್ತಾನೆ. ಅವನ ದನಿ ಈಗ ತಗ್ಗಿದೆ, ಕೆಟ್ಟ ಮನುಷ್ಯನ ದನಿಯಲ್ಲ ಅದು. "ಅಕ್ಕ, ನಂಗೆ ಅರ್ಥ ಆಗ್ತದೆ. ಆದ್ರೆ ಒಂದು ಸಲ ಕೇಳಿ. ನೀವೀಗ ಹನ್ನೆರಡಕ್ಕೂ ಸಹಿ ಮಾಡಿ ಕೊಡಿ. ಅದೇ ಜಾತಿದು ಬೇರೆ ಎರಡು ನಿಮ್ಮ ಹತ್ರ ಉಂಟಲ್ಲ, ಅದನ್ನು ಮಾಳಿಗೆ ಮೇಲೆ ನೋಡಿ. ಏನಾದ್ರೂ ಡೌಟ್ ಬಂದ್ರೆ ಒಂದು ಫೋನ್ ಮಾಡಿ, ನಾನೇ ಚಾಕಣಕ್ಕೆ ಹೋಗಿ ತೆಗೆದು ತರ್ತೇನೆ. ದೇವರಾಣೆ."

"ಅವು ಬ್ಯಾರೆ, ಇವು ಬ್ಯಾರೆ. ಅಣ್ಣ ತಮ್ಮ ಇದ್ರೂ ಜ್ವರ ಬ್ಯಾರೆ ಬ್ಯಾರೆ ಬರತದ." ಅವರು ತಟ್ಟೆಯ ಎಂಟನೆಯ ಚಿಪ್ಪಿನ ಮೇಲೆ ಬೆರಳಿಟ್ಟಿದ್ದಾರೆ. "ಅಲ್ಲಿ ಸ್ವಿಚ್ ಯಾವಾಗ ಹಾಕ್ತಾರ?"

ಸುಹಾಸ ಬನ್ಸಿನ ಪೊಟ್ಟಣವನ್ನು ಬಸವಲಿಂಗರತ್ತ ಚಾಚುತ್ತಾನೆ.

"ಸುಹಾಸ, ಯಾವಾಗ?"

"ಇವತ್ತೇ ಮೂರೂವರೆಗೆ ಒಂದು ಟ್ರಯಲ್ ಉಂಟು," ಎನ್ನುತ್ತಾನೆ. "ಬರೀ ಟ್ರಯಲ್ ಅಕ್ಕ. ಅರ್ಧ ಗಂಟೆ."

ಹೊರಗೆ ಬಿಸಿಲು ಏರುತ್ತಿದೆ. ಕೆಳಗೆ ಗಾಡಿಯವನು ಎರಡು ಸಲ ಹಾರ್ನ್ ಒತ್ತುತ್ತಾನೆ. ಉಮಾವತಿಯ ಹಣೆಯ ವಿಭೂತಿ ಬೆವರಿಗೆ ಅಲ್ಲಲ್ಲಿ ಕರಗಿದೆ. ಅವರಿಗೆ ಈ ಹುಡುಗನ ಮೇಲೆ ಸಿಟ್ಟಿಲ್ಲ. ಅಂಗಡಿ ಬಿಟ್ಟು ಮನೆಯಲ್ಲಿ ಹಲಗೆ ಹಾಕಿದಾಗ ಮೊದಲ ಚಿಪ್ಪು ತಂದವನು ಇವನೇ. ಇವನು ಎದ್ದು ಹೋದರೆ ನಾಳೆ ನಸುಕಿಗೆ ಮೂರು ಬೋರ್ಡಿನಲ್ಲಿ ಎರಡು ಖಾಲಿ.

"ಪಿಂಪ್ರಿಯಲ್ಲಿ ಒಬ್ಬ ಹತ್ತು ನಿಮಿಷದಲ್ಲಿ ಬರೆದು ಕೊಡ್ತಾನೆ," ಎನ್ನುತ್ತಾನೆ ಸುಹಾಸ.

"ಕೊಡ್ಲಿ."

"ಈ ಹೊಸ ಯೂನಿಟ್ಟಿನ ಮಾಲೀಕ ಅವನದ್ದು ತಗೊಳ್ಳುವುದಿಲ್ಲ. ನಿಮ್ಮದೇ ಬೇಕಂತೆ. ಅದಕ್ಕೇ ಅಲ್ವಾ ನಾನು ಇಷ್ಟು ಬೇಡುವುದು?" ಅವನು ಚೀಟಿಯ ಕಟ್ಟನ್ನೂ ಪೆನ್ನನ್ನೂ ಎತ್ತಿ ಅವರ ಕೈಯ ಹತ್ತಿರ ಇಡುತ್ತಾನೆ. "ಇದೊಂದು ಸಲ, ಅಕ್ಕ. ಇನ್ನು ಯಾವತ್ತೂ ಕೇಳುವುದಿಲ್ಲ. ಹನ್ನೆರಡು ಸಹಿ."

ಉಮಾವತಿ ಪೆನ್ನಿಗೆ ಕ್ಯಾಪು ಹಾಕುತ್ತಾರೆ.

"ಇಲ್ಲಪಾ. ಮಾಡೂದಿಲ್ಲ."